ಮುಂದಿನ ತಿಂಗಳ ಮಾನಿಟರ್

ಸ್ಟೀಲ್ ತಂಬಿಗೆ ಹಣೆಗೆ ಬಡಿದ ಸದ್ದು ಪಕ್ಕದ ಮನೆಯಲ್ಲಿದ್ದ ನನಗೂ ಕೇಳಿಸಿತು...

ಓಡಿ ಹೋಗಿ ನೋಡಿದರೆ ಮುತ್ತು ಕುರ್ಚಿಯಲ್ಲೇ ಕುಸಿದಿದ್ದ. ಹುಬ್ಬು ಸೀಳಿ ರಕ್ತ ಕೀಬೋರ್ಡ್ ಮೇಲೆ ತೊಟ್ಟಿಕ್ಕುತ್ತಿತ್ತು.

ಎಸೆದವನು ಅವನ ಸ್ವಂತ ಅಣ್ಣ, ಕಲ್ಮೇಶ.

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಕಲ್ಮೇಶ ಎರಡಕ್ಕೆ ಹೆಸರುವಾಸಿ. ಒಂದು, ಅವನ ಕೈ... ಮೊದಲು ಏಟು, ಆಮೇಲೆ ಮಾತು.

ಇನ್ನೊಂದು, ಅವನ ಸಲಹೆ. ಫೋನ್, ಟಿವಿ ಯಾರು ಏನೇ ಕೊಳ್ಳಲಿ, ಇವನನ್ನು ಕೇಳಬೇಕು. ಉತ್ತರ ಮಾತ್ರ ಒಂದೇ... "ತಡೀರಿ, ಮುಂದಿನ ತಿಂಗಳ ಇದಕ್ಕಿಂತ ಚಲೋದು ಬರ್ತೈತಿ!"

ತಮ್ಮನಿಗೂ ಅದೇ. ಎಚ್‌ಡಿಆರ್ ಗೇಮಿಂಗ್ ಮಾನಿಟರ್ ಕೊಡಿಸು ಎಂದು ಮುತ್ತು ಎಂಟು ತಿಂಗಳಿಂದ ಗೋಗರೆಯುತ್ತಿದ್ದ. ಅದರಲ್ಲಿ ಕತ್ತಲ ಮೂಲೆಯಲ್ಲಿರುವುದೂ ಸ್ಪಷ್ಟವಾಗಿ ಕಾಣುತ್ತದಂತೆ.

ದುಡ್ಡಿಗೇನೂ ಕೊರತೆ ಇರಲಿಲ್ಲ. ಕಲ್ಮೇಶ ರಿವ್ಯೂ ನೋಡಿದ್ದೇ ನೋಡಿದ್ದು... ಇದರ ಬೆಳಕು ಸಾಲದು, ಅದರ ಪ್ಯಾನೆಲ್ ಹಳೆಯದು, ಹಬ್ಬಕ್ಕೆ ಹೊಸ ಮಾಡೆಲ್ ಬರುತ್ತೆ...

ಆ ಭಾನುವಾರ ಮಧ್ಯಾಹ್ನ ಅಣ್ಣ ತಮ್ಮ ಇಬ್ಬರೂ ಒಂದೇ ತಂಡದಲ್ಲಿ ಆನ್‌ಲೈನ್ ಟೂರ್ನಮೆಂಟ್‌ನ ಸೆಮಿಫೈನಲ್ ಆಡುತ್ತಿದ್ದರು. ಆಟದೊಳಗಿನ ಕತ್ತಲ ಗೋದಾಮಿನಲ್ಲಿ ಅಡಗಿದ್ದ ಶತ್ರು ಮುತ್ತುವಿಗೆ ಕಾಣಲಿಲ್ಲ. ಆ ಶತ್ರು ಇಬ್ಬರನ್ನೂ ಗುಂಡಿಕ್ಕಿ ಕೊಂದ. ಆಟ ಮುಗಿಯಿತು.

"ಕಣ್ಣ ಹೋಗ್ಯಾವೇನಲೇ ನಿನ್ನವು? ಎದುರಿಗೇ ಕುಂತಿದ್ದ!" ಕಲ್ಮೇಶ ಕೆನ್ನೆಗೆ ಬಾರಿಸಿದ.

"ಮಾನಿಟರ್ ಕೊಡಸಂದ್ರ ತಡಿ ತಡಿ ಅಂತಿ... ನಿನ್ನ ತಡಿಗಿಷ್ಟು ಬೆಂಕಿ ಹಾಕ!" ಮುತ್ತು ಎದ್ದು ಅಣ್ಣನ ಎದೆಗೆ ಗುದ್ದಿದ.

ಅಂಗಿ ಹರಿಯಿತು, ಹೆಡ್‌ಫೋನ್ ಮುರಿಯಿತು... ಸಾಕಾಗಿ ಮುತ್ತು ಮತ್ತೆ ಕುರ್ಚಿಗೆ ಕುಳಿತ. ಪಕ್ಕದಲ್ಲಿ ನಿಂತಿದ್ದ ಕಲ್ಮೇಶನ ಸಿಟ್ಟು ಇಳಿದಿರಲಿಲ್ಲ. ನೀರಿನ ತಂಬಿಗೆ ಎತ್ತಿ ಎಸೆದ.

ಚಿಕ್ಕಂದಿನಿಂದ ಹೊಡೆದಾಡಿದವರು. ತಪ್ಪಿಸಿಕೊಳ್ಳುತ್ತಾನೆ ಅಂತಲೇ ಎಸೆದದ್ದು.

ಮುತ್ತು ತಲೆ ತಗ್ಗಿಸಲಿಲ್ಲ... ಕೈ ಕೂಡ ಅಡ್ಡ ತರಲಿಲ್ಲ.

ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕಿದ ಡಾಕ್ಟರಮ್ಮ ಮುತ್ತುವಿನ ಕಣ್ಣಿನ ಪಕ್ಕದಲ್ಲಿ ಬೆರಳು ಆಡಿಸಿದರು. ಅವನಿಗೆ ಗೊತ್ತೇ ಆಗಲಿಲ್ಲ.

"ಇವನಿಗೆ ಪಕ್ಕದ್ದು ಕಾಣ್ತಿಲ್ಲ. ಕತ್ತಲಲ್ಲಂತೂ ಇನ್ನೂ ಕಷ್ಟ. ನಿಮಗೆ ಗೊತ್ತಿರಲಿಲ್ವಾ?"

ಕಲ್ಮೇಶನಿಗೆ ಗೊತ್ತಿರಲಿಲ್ಲ. ಮುತ್ತುವಿಗೆ ಗೊತ್ತಿತ್ತು... ವಂಶದಿಂದ ಬಂದ ಕಾಯಿಲೆ, ದೃಷ್ಟಿ ಅಂಚಿನಿಂದ ಮುಚ್ಚುತ್ತಾ ಬರುತ್ತದೆ ಎಂದು ಕಣ್ಣಾಸ್ಪತ್ರೆಯಲ್ಲಿ ವರ್ಷದ ಹಿಂದೆಯೇ ಹೇಳಿದ್ದರು.

"ನನಗ್ಯಾಕ ಹೇಳಲಿಲ್ಲೋ?" ಕಲ್ಮೇಶ ಕೇಳಿದ.

"ನಿನಗ ಹೆಣ್ಣ ನೋಡಾಕತ್ತಾರಲ್ಲ ಅಣ್ಣಾ... ಮನೆತನದಾಗ ಇಂಥಾ ರೋಗ ಐತಿ ಅಂದ್ರ ಯಾರ ಕೊಡ್ತಾರ? ನಿನ್ನ ಲಗ್ನ ಆಗೂತನಕ ಸುಮ್ಮನಿರೂಣಂತ..."

ಅಣ್ಣನ ಕಡೆ ತಿರುಗಿ ಅಂದ... "ಕಾಣೂತನಕ ನಿನ್ನ ಜೋಡಿ ಆಡಬೇಕಂತ ಆಸೆ. ಅದಕ್ಕ ಮಾನಿಟರ್ ಕೇಳಿದೆ."

ಕಲ್ಮೇಶ ಗೋಡೆಗೆ ಗುದ್ದಿದ. ಒಂದಲ್ಲ, ನಾಲ್ಕು ಸಲ... ಬೆರಳಿನ ಗಂಟು ಒಡೆದು ಗೋಡೆಗೆ ರಕ್ತ ಹತ್ತಿತು. ಆವತ್ತು ಅವನಿಗೆ ಹೊಡೆಯಬೇಕಾಗಿದ್ದದ್ದು ತನ್ನನ್ನೇ.

ಮರುದಿನ ರಿವ್ಯೂ ನೋಡಲಿಲ್ಲ. ಅಂಗಡಿಯಲ್ಲಿ ಇದ್ದದ್ದರಲ್ಲೇ ಒಳ್ಳೆಯದನ್ನು ಹೊತ್ತು ತಂದ. ಮಾತುಕತೆ ನಡೆದಿದ್ದ ಹೆಣ್ಣಿನ ಮನೆಗೂ ತಾನೇ ಫೋನ್ ಮಾಡಿ ಎಲ್ಲ ಹೇಳಿದ... ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.

ಮುತ್ತು ಹೊಸ ಮಾನಿಟರ್ ಮುಂದೆ, ಕಲ್ಮೇಶ ಹಳೆಯದರ ಮುಂದೆ. ಈ ಸಲ ಇಬ್ಬರೂ ಎದುರಾಳಿಗಳು. ಅಣ್ಣ ಅದೇ ಕತ್ತಲ ಗೋದಾಮಿನ ಮೂಲೆಯಲ್ಲಿ ಅಡಗಿ, ಉಸಿರು ಬಿಗಿಹಿಡಿದು ಕುಳಿತ...

ಢಂ! ಗುಂಡು ನೇರ ತಲೆಗೇ ಬಿತ್ತು.

"ಕಂಡಿ! ಅಣ್ಣಾ, ನೀ ನನಗ ಕಂಡಿ!" ಹುಬ್ಬಿನ ಹೊಲಿಗೆ ಎಳೆಯುತ್ತಿದ್ದರೂ ಮುತ್ತು ಕುಣಿದಾಡಿದ.

ಬ್ಯಾಂಡೇಜ್ ಕಟ್ಟಿದ ಕೈಯಲ್ಲಿ ಕಣ್ಣೊರೆಸಿಕೊಂಡು ಕಲ್ಮೇಶ ಅಂದ... "ಲೇ, ಇನ್ನೊಮ್ಮೆ ನನ್ನ ಕೊಲ್ಲು!"

ಇನ್ನೂ ಒಳ್ಳೆಯದು ಬರಲಿ ಎಂದು ನಾವು ಕಾಯಬಹುದು... ನಮ್ಮವರಿಗೆ ಅಷ್ಟು ಸಮಯ ಇದೆಯೇ ಎಂದು ಮೊದಲು ನೋಡಬೇಕು.

ನಿಮ್ಮ ಮನೆಯಲ್ಲಿ ನಿಮ್ಮ "ತಡಿ" ಕೇಳಿ ಸುಮ್ಮನಾದವರು ಯಾರು?