ಎಡೆಗೊಂದು ಒಗ್ಗರಣೆ

ಎಣ್ಣೆ ಕಾದಿತ್ತು. ಸಾಸಿವೆ ಹಾಕಲು ಹೋದ ಭಾಗಮ್ಮನ ಕೈಯನ್ನು ಅತ್ತೆ ಹುಚ್ಚಮ್ಮ ಗಬಕ್ಕನೆ ಹಿಡಿದುಕೊಂಡಳು. "ಸೂತಕದ ಮನೇಲಿ ಒಗ್ಗರಣೆ ಹಾಕ್ತಾರೇನೇ? ಜಗಲಿ ಮೇಲೆ ನೆಂಟ್ರು ಕುಂತವ್ರೆ."

"ನನ್ನ ಮಗಳು ಸಪ್ಪೆ ತಿನ್ನಾಕಿಲ್ಲ ಕಣತ್ತೆ," ಎಂದಳು ಭಾಗಮ್ಮ. ಹಿಡಿದ ಸಾಸಿವೆಯನ್ನು ಮಾತ್ರ ಬಿಡಲಿಲ್ಲ.

ನಸುಕಿನಲ್ಲಿ ಬಾಣಾವರದ ರಸ್ತೆಗೆ ಓಟದ ಅಭ್ಯಾಸಕ್ಕೆಂದು ಹೋದ ಮೇಘಶ್ರೀ ಲಾರಿಗೆ ಸಿಕ್ಕಿ ಸತ್ತು ಇಂದಿಗೆ ಮೂರನೇ ದಿನ. ಸಮಾಧಿಗೆ ಒಯ್ಯುವ ಎಡೆಗೆ ಅವಳು ದಿನಾ ಉಣ್ಣುತ್ತಿದ್ದುದೇ ಬೆಂದು ಕೂತಿತ್ತು: ಹೆಸರುಕಾಳು, ಮೊಟ್ಟೆಯ ಬಿಳಿ. ಓಟದ ಮೇಷ್ಟ್ರು ಹೇಳಿದ್ದ ಆ ಊಟ ಮೊದಮೊದಲು ಹುಡುಗಿಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದೇ ಚಮಚ ಎಣ್ಣೆಗೆ ಸಾಸಿವೆ ಸಿಡಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಮೇಲೆ ಮೆಣಸು, ಹುಚ್ಚೆಳ್ಳು ಪುಡಿ ಉದುರಿಸಿ ಅವಳು ತಟ್ಟೆ ನೆಕ್ಕುವ ಹಾಗೆ ಮಾಡಿದವಳು ಭಾಗಮ್ಮನೇ.

ಹುಚ್ಚಮ್ಮನ ಹಿಡಿತ ಸಡಿಲವಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸೊಸೆಯ ಬೆನ್ನು ಸವರಿದಳು. "ಹಾಕವ್ವ, ಯಾರೇನಾರ ಅನ್ಕಳ್ಳಿ. 'ಅವ್ವನ ಒಗ್ಗರಣೆ ಇಲ್ದಿದ್ರೆ ಈ ಓಟ ಎಂದೋ ಬಿಟ್ಬಿಡ್ತಿದ್ದೆ ಕಣಜ್ಜಿ' ಅಂತಿತ್ತು ಕೂಸು."

ಎಂದೋ ಬಿಟ್ಟಿದ್ದರೆ ಆ ನಸುಕಿನಲ್ಲಿ ಕೂಸು ಮನೆಯಲ್ಲೇ ಮಲಗಿರುತ್ತಿತ್ತು. ಎಣ್ಣೆ ಹೊಗೆಯಾಡತೊಡಗಿತು. ಭಾಗಮ್ಮನ ಮುಷ್ಟಿ ತೆರೆಯಲಿಲ್ಲ.