ನಾಲ್ಕನೆಯ ಬೋಲ್ಟ್

“ಈ ನಾಲ್ಕು ಬೋಲ್ಟ್ ನನ್ನ ಮಾತು ಕೇಳಲಿಲ್ಲ ಅಂದ್ರೆ, ಸ್ಪ್ಯಾನರನ್ನ ಗೋಡೆ ಮೇಲಿನ ಆ ಮೊಳೆಗೆ ನೇತುಹಾಕಿ ಮನೇಲಿ ಕೂರ್ತೀನಿ. ಗ್ಯಾರೇಜ್ ಪೂರಾ ನಿಂದೇ,” ಎಂದು ಸೊಸೆಗೆ ಹೇಳಿ ಮಾವ ವ್ಯಾನಿನ ಅಡಿಗೆ ನುಸುಳಿದರು.

ಸೋರುವ ಡೀಸೆಲ್ ಟ್ಯಾಂಕನ್ನು ಇಳಿಸಬೇಕಿತ್ತು. ಅದನ್ನು ಹಿಡಿದಿದ್ದ ಬೋಲ್ಟುಗಳ ತುಕ್ಕು ಎಂಥದ್ದೆಂದರೆ, ಭೂಮಿ ಹುಟ್ಟಿದ ವಾರವೇ ಅವನ್ನು ಬಿಗಿದಿರಬೇಕು. ಟ್ಯಾಂಕಿನ ಪಕ್ಕ ಬೆಂಕಿ ಹಿಡಿದು ಕಾಯಿಸುವಂತಿಲ್ಲ. ಜೋರಾಗಿ ತಿರುಗಿಸಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಮಾವ ಕೆಮ್ಮಿದರೆ ಮೂರು ಬೀದಿಯಾಚೆಯ ನಟ್ಟುಗಳು ತಾವಾಗಿಯೇ ಸಡಿಲಗೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಎರಡು ವರ್ಷದಿಂದ ಅವರ ಕೈ ನಡುಗುತ್ತಿತ್ತು. ಅವರು ಹಿಡಿದ ಲೋಟದಲ್ಲಿ ಚಹಾ ಊದದೆಯೇ, ಕುಲುಕಿ ಕುಲುಕಿ ಆರುತ್ತಿತ್ತು.

ಆ ಮೊಳೆ ಖಾಲಿಯಾಗಿಯೇ ಇರಲಿ ಎಂಬುದೊಂದೇ ಸೊಸೆಯ ಆಸೆ. ಮಾವನ ಬಡಾಯಿ ಕೇಳಿಸದಿದ್ದರೆ ಆ ಗ್ಯಾರೇಜಿನಲ್ಲಿ ಒಂದು ಎಂಜಿನ್ನೂ ಶುರುವಾಗುತ್ತಿರಲಿಲ್ಲ.

ಟ್ಯಾಂಕಿಗೆ ಜಾಕ್ ಕೊಟ್ಟು ಕೈ ಹಾಕಿದರೆ, ಮೊದಲನೆಯ ಬೋಲ್ಟ್ ಬೆಣ್ಣೆಯಲ್ಲಿಟ್ಟ ಚಮಚದಂತೆ ತಿರುಗಿ ಬಂತು. ಎರಡನೆಯದೂ ಹಾಗೇ. ಮೂರನೆಯದೂ.

“ನೋಡಿದ್ಯಾ? ಕಬ್ಬಿಣಕ್ಕೂ ಮರ್ಯಾದೆ ಗೊತ್ತು.”

“ಗೊತ್ತಿರಲೇಬೇಕು ಮಾವ,” ಎಂದಳು ಟಾರ್ಚ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಸೊಸೆ, ಮುಖ ಆಚೆ ತಿರುಗಿಸಿ.

ಆಮೇಲೆ ವ್ಯಾನಿನ ಅಡಿಯಿಂದ ಮಾತೇ ಇಲ್ಲ. ಮಾವ ಸುಮ್ಮನಾದರೆಂದರೆ ಊರಿಗೆ ಊರೇ ಗಾಬರಿ ಬೀಳಬೇಕು. ಸೊಸೆ ಬಗ್ಗಿ ನೋಡಿದಳು. ಅವರು ಮೂರನೆಯ ಬೋಲ್ಟನ್ನು ಬೆಳಕಿಗೆ ಹಿಡಿದಿದ್ದರು. ತಲೆಯ ಮೇಲೆ ಹಳೇ ತುಕ್ಕು, ಥ್ರೆಡ್ಡಿನ ತುಂಬ ಹೊಸ ಗ್ರೀಸ್.

“ಬೆಳಿಗ್ಗೆ ನನಗಿಂತ ಮೊದಲೇ ಬಂದಿದ್ದೆ, ಅಲ್ವಾ?”

“ಹೂಂ.”

“ಬಿಚ್ಚಿ, ವಾಪಸ್ ಹಾಕಿಟ್ಟೆ. ಸರಿ. ಗ್ರೀಸ್ ಯಾಕಮ್ಮ ಹಚ್ಚಿದೆ?”

“ಒಣ ಬೋಲ್ಟ್ ಹಾಕಿದ್ರೆ ಕೈ ಮುರೀತೀನಿ ಅಂತ ಹತ್ತು ವರ್ಷ ಬೈದಿದ್ದು ಯಾರು? ಕೈ ತಾನಾಗೇ ಹಚ್ಚಿಬಿಡ್ತು.”

“ಥತ್. ನಿನಗೆ ಸ್ವಲ್ಪ ಕೆಟ್ಟದಾಗಿ ಕಲಿಸಬೇಕಾಗಿತ್ತು.”

ಅವರು ಹೊರಗೆ ಬರಲು ಹೊರಳಿದರು. ಕಣ್ಣು ಗೋಡೆಯ ಮೊಳೆಯ ಮೇಲಿತ್ತು. ಸೊಸೆ ದಾರಿಗೆ ಅಡ್ಡ ಸರಿದಳು.

“ನಾಲ್ಕನೇದಕ್ಕೆ ಗ್ರೀಸ್ ಇಲ್ಲ ಮಾವ. ಅದು ನನ್ನ ಕೈಲಿ ಆಗಲಿಲ್ಲ.” ಅವಳು ಅಂಗೈ ಬಿಡಿಸಿ ತೋರಿಸಿದಳು. ಮೂರು ಬೊಬ್ಬೆ ಎದ್ದಿದ್ದವು.

ಮಾವ ಆ ಅಂಗೈಯನ್ನು ಟಾರ್ಚ್ ಬೆಳಕಿಗೆ ಎಳೆದು ನೋಡಿದರು.

“ತುಕ್ಕು ಹಿಡಿದದ್ದನ್ನ ಕೂದಲೆಳೆಯಷ್ಟು ಬಿಗಿ, ಕೂದಲೆಳೆಯಷ್ಟು ಸಡಿಲ ಮಾಡ್ತಾ ಇರು ಅಂತ ಹೇಳಿಕೊಟ್ಟಿರಲಿಲ್ವಾ?”

“ನೂರು ಸಲ ಮಾಡ್ದೆ.”

“ನೂರು ಯಾವ ಮೂಲೆಗೆ? ಇಂಥದ್ದಕ್ಕೆ ಹತ್ತು ಸಾವಿರ ಬೇಕು.” ಅವರು ಮತ್ತೆ ಒಳಗೆ ನುಸುಳಿ, ನಡುಗುವ ಕೈಯಲ್ಲೇ ಸ್ಪ್ಯಾನರ್ ಕೂರಿಸಿದರು. “ಬಿಗಿ, ಸಡಿಲ. ಬಿಗಿ, ಸಡಿಲ. ಈ ಕೈ ಎರಡು ವರ್ಷದಿಂದ ಮತ್ತೇನು ಅಭ್ಯಾಸ ಮಾಡ್ತಿದೆ ಅಂದ್ಕೊಂಡೆ?”

ಸ್ಪ್ಯಾನರ್ ನಡುಗಿತು, ವ್ಯಾನ್ ನಡುಗಿತು, ಗೋಡೆಯ ಮೊಳೆಯೂ ನಡುಗಿತೆಂದು ಸೊಸೆ ಇಂದಿಗೂ ಆಣೆ ಮಾಡುತ್ತಾಳೆ. ಕೊನೆಗೆ ಕಿರ್ರೆಂದು ಸದ್ದು ಮಾಡಿ ಬೋಲ್ಟ್ ಸಡಿಲಗೊಂಡಿತು. ಕೆಂಪು ತುಕ್ಕಿನ ಪುಡಿಯೆಲ್ಲ ನೇರವಾಗಿ ಮಾವನ ಬಾಯಿಗೇ ಬಿತ್ತು. ಬಡಾಯಿ ಕೊಚ್ಚಲು ಅದು ಆಗಲೇ ತೆರೆದಿತ್ತು.