ಹೊಲಿದ ಪಾಠ

"ನಮ್ಮ ವಂಶದ ಮೂಲಪುರುಷ ಮಂಗ ಅಂತ ನನ್ನ ಮಗಳಿಗೆ ಹೇಳಿಕೊಟ್ಟವರು ಯಾರು?" ಎಂದು ದರ್ಜಿ ಕೇಳಿದ. ಅಂಗಡಿಯಿಂದ ನೇರವಾಗಿ ಹೆಡ್‌ಮಾಸ್ತರರ ಕೋಣೆಗೇ ಬಂದಿದ್ದ. ಅಳತೆಪಟ್ಟಿ ಕೊರಳಲ್ಲಿ ಹಾಗೇ ನೇತಾಡುತ್ತಿತ್ತು.

"ಮಂಗದಿಂದ ಹುಟ್ಟಿದ್ವಿ ಅಂತಲ್ಲ," ಎಂದರು ವಿಜ್ಞಾನದ ಮೇಡಂ. "ಅದಕ್ಕೂ ನಮಗೂ ಪೂರ್ವಜರು ಒಬ್ಬರೇ, ಅಷ್ಟೇ."

"ಅಂದ್ರೆ ದಾಯಾದಿ."

"ಒಂಥರಾ ಹೌದು. ತುಂಬಾ ದೂರದ್ದು."

"ಎಷ್ಟು ದೂರ ಇದ್ರೂ ದಾಯಾದಿ ದಾಯಾದಿನೇ ಮೇಡಂ. ಇರೋ ಒಬ್ಬ ಅಣ್ಣನ ಜೊತೆಗೇ ಅರ್ಧ ಗೋಡೆಗಾಗಿ ಹನ್ನೊಂದು ವರ್ಷದಿಂದ ಕೋರ್ಟಿಗೆ ಅಲೀತಿದ್ದೀನಿ. ಇನ್ನು ಇವನೂ ಪಾಲು ಕೇಳೋಕೆ ಬಂದ್ರೆ?"

ಆ ಪಾಠವನ್ನು ಪುಸ್ತಕದಿಂದ ಹರಿದು ತೆಗೆಯಬೇಕೆಂಬುದು ಅವನ ಹಟ. ಪರೀಕ್ಷೆಯಲ್ಲಿ ಅದಕ್ಕೆ ಎಂಟು ಅಂಕ ಇದೆ ಎಂಬುದು ಮೇಡಂ ವಾದ. ನಿವೃತ್ತಿಗೆ ಮೂರೇ ತಿಂಗಳಿದ್ದ ಹೆಡ್‌ಮಾಸ್ತರರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಸರ್ಕಾರಿ ಪುಸ್ತಕ. ಹರಿದ್ರೆ ನನ್ನ ತಲೆಗೆ ಬರುತ್ತೆ," ಎಂದು ಗೊಣಗಿದರು.

"ಹರಿಯೋದು ಬೇಡ. ಆ ಪುಟಗಳನ್ನ ಸೇರಿಸಿ ಹೊಲಿದುಬಿಡ್ತೀನಿ," ಎಂದ ದರ್ಜಿ. ಹೆಡ್‌ಮಾಸ್ತರರು ಮೇಡಂ ಮುಖ ನೋಡದೆ ತಲೆಯಾಡಿಸಿದರು.

ಮಧ್ಯಾಹ್ನ ಪ್ರಯೋಗಾಲಯದ ಮೇಜಿನ ಮೇಲೆ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಬಂದು ಕೂತಿತು. ಪಕ್ಕದಲ್ಲಿ ನಲವತ್ತೆರಡು ಪುಸ್ತಕ. ಮೇಡಂ ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ, ಯಂತ್ರ ಟಕಟಕ ಎಂದಾಗಲೆಲ್ಲ ಯಾರದ್ದಾದರೂ ಅರ್ಧ ಅಂಕ ಹೆಚ್ಚಿಗೆ ಕಳೆಯುತ್ತಿದ್ದರು.

ಒಂಬತ್ತು ಪುಸ್ತಕದವರೆಗೆ ಯಂತ್ರ ನಿಲ್ಲಲಿಲ್ಲ. ಹತ್ತನೆಯದಕ್ಕೆ ನಿಂತಿತು. ಮತ್ತೆ ಮತ್ತೆ ಅದೇ ಪುಟ ಹುಡುಕುತ್ತಿದ್ದ ದರ್ಜಿಯ ಕಣ್ಣಿಗೆ ಒಂದು ಚಿತ್ರ ಅಂಟಿಕೊಂಡಿತ್ತು: ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಮೂರರ ಮೂಳೆಗಳೂ ಅಕ್ಕಪಕ್ಕ. ಅಳತೆಪಟ್ಟಿ ತೆಗೆದು ಚಿತ್ರದ ಮೇಲಿಟ್ಟ. ಆಮೇಲೆ ತನ್ನದೇ ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆದುಕೊಂಡ.

"ಮೇಡಂ, ಮೂರೂ ಒಂದೇ ಕಟಿಂಗು," ಎಂದ. "ಇಲ್ಲಿ ಬೆರಳು ಉದ್ದ ಬಿಟ್ಟಿದ್ದಾರೆ, ಇಲ್ಲಿ ಗಿಡ್ಡ ಮಾಡಿ ಅಗಲಿಸಿದ್ದಾರೆ. ಹೊಸ ಬಟ್ಟೆ ಎಲ್ಲೂ ತಂದಿಲ್ಲ, ಬರೀ ಆಲ್ಟರೇಶನ್. ಯಾರ ಕೈಕೆಲಸ ಇದು?"

ಮೇಡಂ ಪೆನ್ನು ಕೆಳಗಿಟ್ಟರು. "ಪಾಠದ ಪ್ರಕಾರ ಯಾರೂ ಕತ್ತರಿಸಿಲ್ಲ. ಮರಿಗಳು ತಾಯಿಗಿಂತ ಚೂರೇ ಚೂರು ಬೇರೆ ಥರ ಹುಟ್ಟುತ್ವೆ. ಇರೋ ಜಾಗಕ್ಕೆ ಹೊಂದಿದ್ದು ಉಳೀತು, ಹೊಂದದ್ದು ಹೋಯ್ತು. ಕೋಟಿಗಟ್ಟಲೆ ವರ್ಷ ಹಿಡೀತು."

"ಕೋಟಿ ವರ್ಷ ಯಾರೂ ಜಗಳಕ್ಕೆ ಬಂದಿಲ್ಲ ನೋಡಿ," ದರ್ಜಿ ನಿಟ್ಟುಸಿರುಬಿಟ್ಟ. "ನಾನು 'ನಾಳೆ ಬನ್ನಿ' ಅಂದ್ರೆ ಸಾಕು, ಗಿರಾಕಿಗಳು ಅಂಗಡಿ ಮುಂದೆ ಕುಣೀತಾರೆ."

ನಾಲ್ಕು ಗಂಟೆಗೆ ಹೆಡ್‌ಮಾಸ್ತರರು ಇಣುಕಿದಾಗ ದರ್ಜಿ ಬ್ಲೇಡಿನ ತುದಿಯಿಂದ ಒಂಬತ್ತನೆಯ ಪುಸ್ತಕದ ಹೊಲಿಗೆ ಬಿಚ್ಚುತ್ತಿದ್ದ. ಮೇಡಂ ಎದುರಿಗೆ ಕೂತು ದಾರದ ತುಂಡು ಆಯುತ್ತಿದ್ದರು. ಹೆಡ್‌ಮಾಸ್ತರರು ಒಂದು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನುದ್ದಕ್ಕೂ ಬೆಳಕಿನ ಚುಕ್ಕೆಗಳ ಸಾಲು.

"ತೂತು ಹಾಗೇ ಉಳೀತಲ್ಲಪ್ಪ?"

"ಉಳಿಯುತ್ತೆ ಸರ್," ಎಂದ ದರ್ಜಿ, "ಅಳತೆ ನೋಡದೆ ಹೊಲಿದದ್ದಲ್ವಾ."